ನ್ಯಾಮತಿಯ ಮೊಬೈಲಿಗೆ ಯಾವ ದೇಶದ ಕಾನೂನು?

ಬೆಳೆ ಪರಿಹಾರದ ಅರ್ಜಿ ಇರಲಿ, ಸಾಲದ ನವೀಕರಣ ಇರಲಿ, ನ್ಯಾಮತಿಯ ಜೆರಾಕ್ಸ್ ಅಂಗಡಿ ಮುಂದೆ ನಿಂತವರ ಕೈಲಿ ಮೂರು ಕಾಗದ ಇದ್ದೇ ಇರುತ್ತವೆ: ಆಧಾರ್, ಪಹಣಿ, ಪಾಸ್‌ಬುಕ್. ಒಟಿಪಿ ಬಂದರೆ ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ನಾಲ್ಕು ಜನಕ್ಕೆ ಕೇಳುವ ಹಾಗೆ ಓದಿ ಹೇಳುವುದೂ ಉಂಟು. ಇಲ್ಲಿ ನಿಂತು ದೇಶದೇಶಗಳ ನಡುವಿನ ಮಾಹಿತಿ ಹಂಚಿಕೆಯ ಬಗ್ಗೆ ಮಾತೆತ್ತಿದರೆ, ಅದೆಲ್ಲ ದೆಹಲಿಯವರ ತಲೆನೋವು ಎನ್ನುವವರೇ ಹೆಚ್ಚು. ಆದರೆ ಅದೇ ಜನರ ಜೇಬಿನಲ್ಲಿ ವಾಟ್ಸಾಪ್ ಇದೆ, ಯೂಟ್ಯೂಬ್ ಇದೆ, ಯಾರೋ ಹೇಳಿದರೆಂದು ಹಾಕಿಸಿಕೊಂಡ ಸಾಲದ ಆ್ಯಪ್ ಕೂಡ ಇದೆ. ಈ ವಿಚಾರದಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಕೆದಕಬೇಕು.

“ನಮ್ಮ ಹತ್ರ ಕದಿಯಾಕೆ ಏನೈತೆ ಬಿಡಿ”

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಇದು. 2023ರಲ್ಲಿ ಮಂಗಳೂರು ಮತ್ತು ಇತರೆಡೆ ವಿಚಿತ್ರ ದೂರುಗಳು ಬಂದವು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಯಿಂದ ಹಣ ಮಾಯವಾಗುತ್ತಿತ್ತು. ಒಟಿಪಿ ಬಂದಿರಲಿಲ್ಲ, ಲಿಂಕ್ ಒತ್ತಿರಲಿಲ್ಲ, ಯಾರಿಗೂ ಪಿನ್ ಹೇಳಿರಲಿಲ್ಲ. ನೋಂದಣಿ ಪತ್ರದ ಮೇಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ತೆಗೆದುಕೊಂಡು, ಬೆರಳಿನ ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ದುಡ್ಡು ಎತ್ತಿದ್ದರು. ಮಂಗಳೂರು ಪೊಲೀಸರು ಆರೋಪಿಗಳನ್ನು ಹಿಡಿದು ತಂದದ್ದು ಬಿಹಾರದಿಂದ. ಆಮೇಲೆ ಆಸ್ತಿ ನೋಂದಣಿಯ ಕಾವೇರಿ ಪೋರ್ಟಲ್ಲಿನ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಲಾಯಿತು.

ಸಾಲದ ಆ್ಯಪ್‌ಗಳದ್ದು ಇನ್ನೊಂದು ಕಥೆ. 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರಿನ ಆರು ಕಡೆ ಶೋಧ ನಡೆಸಿತು. ಅದಕ್ಕೆ ಆಧಾರವಾದದ್ದು ಬೆಂಗಳೂರು ಸೈಬರ್ ಕ್ರೈಂ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳು. ಚೀನಾದವರ ಹಿಡಿತದಲ್ಲಿದ್ದ ಈ ಕಂಪನಿಗಳು ಭಾರತೀಯರ ದಾಖಲೆಗಳನ್ನು ನಕಲಿ ಮಾಡಿ, ಅವರನ್ನೇ ಹೆಸರಿಗೆ ನಿರ್ದೇಶಕರನ್ನಾಗಿ ಕೂರಿಸಿದ್ದವು ಎಂದು ನಿರ್ದೇಶನಾಲಯ ಹೇಳಿತು. ಕದಿಯಲು ಏನೂ ಇಲ್ಲದವನ ಜೆರಾಕ್ಸ್ ಪ್ರತಿಗೂ ಗಿರಾಕಿ ಇದ್ದಾನೆ. ಇಂಥ ಆ್ಯಪ್‌ಗಳು ಮೊದಲು ಕೈ ಹಾಕುತ್ತಿದ್ದುದು ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ. ಕಂತು ತಪ್ಪಿದರೆ ಅತ್ತೆ ಮನೆಗೂ ಫೋನ್, ಶಾಲೆಯ ಮೇಷ್ಟ್ರಿಗೂ ಫೋನ್. 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕ್ ಇದಕ್ಕೆ ಕಡಿವಾಣ ಹಾಕಿತು: ಕಾಂಟ್ಯಾಕ್ಟ್ ಪಟ್ಟಿ, ಕರೆ ವಿವರ, ಫೋಟೊ ಕಡತ ಮುಟ್ಟುವಂತಿಲ್ಲ, ಮಾಹಿತಿಯೆಲ್ಲ ಭಾರತದ ಸರ್ವರ್‌ನಲ್ಲೇ ಇರಬೇಕು. ಇಂದು ಯಾವುದೇ ಸಾಲದ ಆ್ಯಪ್ ಕಾಂಟ್ಯಾಕ್ಟ್ ಕೇಳಿದರೆ ಅದು ನಿಯಮ ಮೀರಿದ ಆ್ಯಪ್, ಅಷ್ಟೆ. ಬಡ್ಡಿ ಎಷ್ಟೆಂದು ನೋಡುವ ಮೊದಲೇ ತೆಗೆದುಹಾಕಿ.

“ಸರ್ವರ್ ಭಾರತದಲ್ಲಿದ್ದರೆ ಚಿಂತೆ ಇಲ್ಲ”

ಅರ್ಧ ಸತ್ಯ. ಪಾವತಿ ಮಾಹಿತಿ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದೇ ಆದೇಶಿಸಿತು. ಪಾಲಿಸಲಿಲ್ಲವೆಂದು 2021ರಲ್ಲಿ ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್‌ನಂಥ ದೊಡ್ಡ ಕುಳಗಳಿಗೂ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆ ಹಾಕಿತು. ಅವು ದಾರಿಗೆ ಬಂದ ಮೇಲೆಯೇ ತಡೆ ತೆರವಾದದ್ದು. ತನಿಖೆಗೆ, ನಿಗಾಕ್ಕೆ ಇದರಿಂದ ಅನುಕೂಲವಿದೆ, ನಿಜ. ಆದರೆ ಬೆರಳಚ್ಚು ಸೋರಿದ್ದು ನಮ್ಮದೇ ರಾಜ್ಯದ ದಾಖಲೆಗಳಿಂದಲ್ಲವೆ? ಇನ್ನೊಂದು ತೊಡಕೂ ಇದೆ. ಅಮೆರಿಕದ ಕ್ಲೌಡ್ ಕಾಯ್ದೆ 2018ರ ಮಾರ್ಚ್‌ನಲ್ಲಿ ಬಂತು. ಅದರ ಪ್ರಕಾರ, ಅಮೆರಿಕದ ಕಂಪನಿ ಮಾಹಿತಿಯನ್ನು ಜಗತ್ತಿನ ಯಾವ ಮೂಲೆಯಲ್ಲಿ ಇಟ್ಟಿದ್ದರೂ ಅಲ್ಲಿನ ಕಾನೂನುಬದ್ಧ ಆದೇಶ ಬಂದರೆ ಕೊಡಬೇಕು. ಸರ್ವರ್ ಮುಂಬೈನಲ್ಲಿ ಇದ್ದ ಮಾತ್ರಕ್ಕೆ ಬೀಗದ ಕೈ ಮುಂಬೈನಲ್ಲಿ ಇರುತ್ತದೆ ಎನ್ನಲಾಗದು.

“ಹೊಸ ಕಾನೂನು ಬಂದ ಮೇಲೆ ಮಾಹಿತಿ ಹೊರಗೆ ಹೋಗಲ್ಲ”

ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಾಗಿಲು ಮುಚ್ಚಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ಬಂಧಿಸುವ ದೇಶಗಳಿಗೆ ಮಾತ್ರ ತಡೆ, ಉಳಿದೆಡೆಗೆ ದಾರಿ ತೆರೆದೇ ಇದೆ. ಯುರೋಪಿನ ಕಾನೂನು ಹಿಡಿದ ದಾರಿ ಬೇರೆ: ಎದುರಿನ ದೇಶದ ರಕ್ಷಣೆ ತನ್ನ ಮಟ್ಟಕ್ಕಿರಬೇಕು, ಇಲ್ಲವೇ ಕರಾರಿನಲ್ಲಿ ಆ ಭರವಸೆ ಸಿಗಬೇಕು. ಈ ಕಾರಣಕ್ಕೇ 2023ರ ಮೇ ತಿಂಗಳಲ್ಲಿ ವಾಟ್ಸಾಪ್‌ನ ಒಡೆಯ ಕಂಪನಿ ಮೆಟಾಗೆ ಐರ್ಲೆಂಡ್ 120 ಕೋಟಿ ಯೂರೊ ದಂಡ ಹಾಕಿದ್ದು. 2019ರಲ್ಲಿ ಒಸಾಕಾದ ಜಿ-20 ಸಭೆಯಲ್ಲಿ ಮಾಹಿತಿಯ ಮುಕ್ತ ಹರಿವಿನ ಘೋಷಣೆ ಬಂದಾಗ ಭಾರತ ಸಹಿ ಹಾಕಲಿಲ್ಲ. ನನ್ನ ಮಟ್ಟಿಗೆ ಅದು ಸರಿಯೇ. ನಮ್ಮಲ್ಲಿ ಆಗ ಇಂಥದ್ದೊಂದು ಕಾನೂನೇ ಇರಲಿಲ್ಲ. ಮನೆಗೆ ಬಾಗಿಲು ಕೂರಿಸುವ ಮೊದಲು ಅದನ್ನು ತೆರೆದಿಡುತ್ತೇನೆಂದು ಯಾರಾದರೂ ಬರೆದುಕೊಡುತ್ತಾರೆಯೇ?

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ತಿಳಿವಳಿಕೆ, ವಿದೇಶಿ ಕಂಪನಿಗೆ ನಮ್ಮ ಕಾನೂನು ತಾಗುವುದಿಲ್ಲ ಎಂಬುದು. ಭಾರತದಲ್ಲಿರುವವರಿಗೆ ಸರಕು, ಸೇವೆ ಕೊಡುವುದಕ್ಕೆ ಸಂಬಂಧಿಸಿದ್ದಾದರೆ ಹೊರದೇಶದಲ್ಲಿ ಕೂತ ಕಂಪನಿಗೂ ಕಾಯ್ದೆ ತಾಗುತ್ತದೆ. ಹಾಗೆಯೇ ಜರ್ಮನಿಯಲ್ಲಿ ಕೆಲಸಕ್ಕಿರುವ ನ್ಯಾಮತಿಯ ಹುಡುಗನಿಗೆ ಯುರೋಪಿನ ರಕ್ಷಣೆ ಸಿಗುತ್ತದೆ, ಪಾಸ್‌ಪೋರ್ಟ್ ಭಾರತದ್ದಾದರೂ. ಆದರೆ ಹಕ್ಕು ಸಮಾನವಲ್ಲ. 2021ರಲ್ಲಿ ವಾಟ್ಸಾಪ್ ತನ್ನ ನೀತಿ ಬದಲಿಸಿದಾಗ ಊರಿನ ಅಪ್ಪನಿಗೂ ಅಲ್ಲಿನ ಮಗನಿಗೂ ಸಿಕ್ಕ ಷರತ್ತು ಒಂದೇ ಆಗಿರಲಿಲ್ಲ. ಇಲ್ಲಿ ‘ಒಪ್ಪು, ಇಲ್ಲವೇ ಬಿಡು’ ಎಂಬ ಧೋರಣೆಗಾಗಿ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು.

“ಒಪ್ಪಿಗೆ ಒತ್ತಿದ ಮೇಲೆ ಮುಗೀತು”

ಮುಗಿಯುವುದಿಲ್ಲ. ಹೊಸ ಕಾಯ್ದೆಯಡಿ ಒಪ್ಪಿಗೆಯನ್ನು ಹಿಂಪಡೆಯಬಹುದು, ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಏನಕ್ಕೆ ಬಳಸುತ್ತೀರಿ ಎಂಬ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲೂ ಓದಲು ಅವಕಾಶ ಕೊಡಬೇಕು. ತಪ್ಪು ತಿದ್ದಿಸಬಹುದು, ಅಳಿಸಿ ಎನ್ನಬಹುದು, ನಮ್ಮ ಕಾಲಾನಂತರ ಈ ಹಕ್ಕು ಯಾರಿಗೆ ಎಂದು ನಾಮಿನಿಯನ್ನೂ ಹೆಸರಿಸಬಹುದು. ಇದಕ್ಕೆಲ್ಲ ಬುನಾದಿ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿಸಿದ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಬೆರಳಚ್ಚಿಗೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ತಾತ್ಕಾಲಿಕವಾಗಿ ತೆರೆಯಿರಿ.

“ಕಂಪನಿ ತಪ್ಪು ಮಾಡಿದರೆ ಪರಿಹಾರ ಬರುತ್ತೆ”

250 ಕೋಟಿ ರೂಪಾಯಿವರೆಗೆ ದಂಡ ಎಂಬ ಸುದ್ದಿ ಓದಿ ಹುಟ್ಟಿದ ಆಸೆ ಇದು. ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವನಿಗೆ ಈ ಕಾಯ್ದೆಯಲ್ಲಿ ಬಿಡಿಗಾಸೂ ಇಲ್ಲ. ನಿರ್ಲಕ್ಷ್ಯ ತೋರಿದ ಕಂಪನಿಯಿಂದ ಪರಿಹಾರ ಕೇಳಲು ಐಟಿ ಕಾಯ್ದೆಯ 43ಎ ಕಲಂನಲ್ಲಿ ಇದ್ದ ಅವಕಾಶವನ್ನೂ ತೆಗೆದುಹಾಕಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ಸುಳ್ಳು ದೂರು ಕೊಟ್ಟರೆ ನಾಗರಿಕನಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ನ್ಯಾಯವಾದ ನಿಯಮ ಎಂದರೆ ನಷ್ಟ ಆದವನಿಗೆ ಪರಿಹಾರ ಸಿಗಬೇಕು. ಅಂಥ ಕಲಂ ಈ ಕಾಯ್ದೆಗೆ ಸೇರಬೇಕು. ಮುಂದಿನ ಸಲ ಸಂಸದರು ನಮ್ಮ ಕಡೆ ಬಂದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ.