ತಾಯಿಯ ಬಿಡುವು, ಮಗುವಿನ ಹೊಟ್ಟೆ

ಜಯನಗರ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಲ್ಲಿ ಹಣ್ಣು ತರಕಾರಿಗಳಿಗೆ ಯಾವ ಋತುವಿನಲ್ಲಿಯೂ ಕ್ಷಾಮವಿಲ್ಲ. ಹೀಗಿದ್ದೂ ಅಲ್ಲಿಂದ ಅನತಿದೂರದಲ್ಲಿ, ಜೆ.ಪಿ. ನಗರ, ಬನಶಂಕರಿಗಳ ಅಂಚಿನಲ್ಲಿ ಏಳುತ್ತಿರುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ, ರಾಯಚೂರು, ಯಾದಗಿರಿಗಳ ಕಡೆಯಿಂದ ಗುಳೆ ಬಂದವರ ಮಕ್ಕಳು ಸೊರಗುತ್ತಿರುವುದನ್ನು ಕಂಡಾಗ, ಅನ್ನದ ಅಭಾವವೊಂದೇ ಅಪೌಷ್ಟಿಕತೆಗೆ ಕಾರಣವೆಂಬ ಸುಲಭ ಸಮಾಧಾನವು ನಿಲ್ಲಲಾರದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಮಕ್ಕಳ ರಕ್ತಹೀನತೆಯಂತೂ ಹಿಂದಿನ ಸಮೀಕ್ಷೆಯ ಶೇಕಡಾ 60.9ರಿಂದ 65.5ಕ್ಕೆ ಏರಿತ್ತು.

ಹುಟ್ಟುವಾಗ ತಾಯಿಯಿಂದ ಪಡೆದು ತಂದ ಕಬ್ಬಿಣದ ಸಂಚಯವು ಆರನೆಯ ತಿಂಗಳ ಹೊತ್ತಿಗೆ ಕ್ಷೀಣಿಸತೊಡಗುತ್ತದೆ. ಎದೆಹಾಲೊಂದೇ ಆಗ ಸಾಲದು. ಮಗುವಿನ ಜಠರವೋ ಅತ್ಯಲ್ಪ. ನೀರಾದ ಗಂಜಿಯಿಂದ ಅದು ತುಂಬೀತೇ ಹೊರತು ದೇಹಕ್ಕೆ ಬೇಕಾದ ಸತ್ತ್ವವು ದೊರೆಯದು. ಗಟ್ಟಿಯಾದ ಆಹಾರವನ್ನು ದಿನಕ್ಕೆ ನಾಲ್ಕಾರು ಬಾರಿ, ಕೂರಿಸಿಕೊಂಡು, ರಮಿಸುತ್ತ ತಿನ್ನಿಸಬೇಕು. ನಮ್ಮ ರಾಗಿಯಲ್ಲಿ ಸುಣ್ಣದಂಶವು ಹೇರಳವಾಗಿದ್ದರೂ, ಅದರಲ್ಲಿಯೇ ಅಡಗಿರುವ ಫೈಟೇಟ್ ಎಂಬ ವಸ್ತುವು ಕಬ್ಬಿಣವನ್ನು ದೇಹಕ್ಕೆ ಪೂರ್ತಿಯಾಗಿ ದಕ್ಕಗೊಡುವುದಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುತ್ತಿದ್ದ ಅಜ್ಜಿಯರು ಈ ರಸಾಯನವನ್ನು ಓದಿದವರಲ್ಲ. ಆದರೂ ಮೊಳಕೆಯೊಡೆದ ಧಾನ್ಯದಲ್ಲಿ ಆ ತಡೆಯು ತಗ್ಗುವುದೆಂಬುದು ಇಂದು ಸಿದ್ಧಪಟ್ಟ ಸಂಗತಿ. ಅಂಥ ರಾಗಿಸರಿಗೆ ಎರಡು ಮೂರು ದಿನಗಳ ವ್ಯವಧಾನ ಬೇಕು, ಬಿಸಿಲು ಬೇಕು, ಮನೆಯಲ್ಲೊಬ್ಬ ಹಿರಿಯಳು ಬೇಕು. ಹಿರಿಯಳು ಊರಿನಲ್ಲಿ ಉಳಿದಿದ್ದಾಳೆ. ತಾಯಿ ಮೂರನೆಯ ಮಹಡಿಗೆ ಇಟ್ಟಿಗೆ ಹೊರುತ್ತಿದ್ದಾಳೆ. ಕೂಸಿನ ಕೈಯಲ್ಲಿ ಚಹದಲ್ಲಿ ಅದ್ದಿದ ಬಿಸ್ಕತ್ತು. ಚಹವೂ ಕಬ್ಬಿಣಕ್ಕೆ ಶತ್ರುವೇ.

ಇದರ ಮೇಲೆ ಕಲುಷಿತ ಜಲದಿಂದ ಪದೇ ಪದೇ ಬರುವ ಭೇದಿಯು, ತಿಂದ ಅಲ್ಪವನ್ನೂ ಸತುವನ್ನೂ ಹೊರಹಾಕಿ, ಹಸಿವನ್ನು ಅಡಗಿಸುತ್ತದೆ. ಅಂಗನವಾಡಿಯಿಲ್ಲವೇ ಎಂದು ಕೇಳಬಹುದು. 1975ರಲ್ಲಿ ನಮ್ಮಲ್ಲಿ ತಿರುಮಕೂಡಲು ನರಸೀಪುರದಿಂದ ಮೊದಲಾದ ಆ ವ್ಯವಸ್ಥೆಯು ಬಹೂಪಯುಕ್ತವೇ ಸರಿ. ಆದರೆ ಊರಿನಲ್ಲಿ ಹೆಸರು ಬರೆಸಿದ ಮಗುವು ಇಲ್ಲಿ, ಕಟ್ಟಡ ಮುಗಿದಂತೆಲ್ಲ, ಬಡಾವಣೆಯಿಂದ ಬಡಾವಣೆಗೆ ಸಾಗುತ್ತಿರುತ್ತದೆ.

ಕಾನೂನು ಕೂಡ ಕುರುಡಾಗಿಲ್ಲ, ಎಣಿಕೆಯಲ್ಲಿ ಮಾತ್ರ ಕೊಂಚ ಧಾರಾಳ. 1996ರ ಕಟ್ಟಡ ಕಾರ್ಮಿಕರ ಅಧಿನಿಯಮವು ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವೆಡೆಯಲ್ಲಿ ಶಿಶುಗಳಿಗೆ ಪ್ರತ್ಯೇಕ ಕೊಠಡಿಯನ್ನು ವಿಧಿಸಿತ್ತು. ಬಿ.ಟಿ.ಎಂ. ಬಡಾವಣೆಯ ಮೂವತ್ತು ನಲವತ್ತಡಿ ನಿವೇಶನದಲ್ಲಿ ನಾಲ್ಕಂತಸ್ತು ಕಟ್ಟುವ ಮೇಸ್ತ್ರಿಯ ಬಳಿ ಐವತ್ತು ಹೆಣ್ಣಾಳುಗಳು ಇರುವುದೆಂತು? ಇತ್ತ ಸರ್ಕಾರವು ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದಿದೆ; ಹೆಚ್ಚಿನ ಕೂಲಿಗಾಗಿ ಬೆಂಗಳೂರಿನ ಬಸ್ಸು ಹತ್ತಿದವಳಿಗೆ ಆ ಅನುಕೂಲವು ಊರಿನಲ್ಲಿಯೇ ಉಳಿದುಹೋಗುತ್ತದೆ.