ನಡುವಿನ ಸ್ಟಂಪ್

1775ರ ಮೇ 22. ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಕೆಂಟ್ ಮತ್ತು ಹ್ಯಾಂಬಲ್ಡನ್ ತಂಡಗಳ ನಡುವೆ ಐದೈದು ಮಂದಿಯ ಕ್ರಿಕೆಟ್ ಪಂದ್ಯ. ಹ್ಯಾಂಬಲ್ಡನ್ನಿನ ಕೊನೆಯ ಆಟಗಾರ ಜಾನ್ ಸ್ಮಾಲ್ ಬ್ಯಾಟ್ ಹಿಡಿದು ಬಂದಾಗ ಗೆಲ್ಲಲು ಇನ್ನೂ 14 ರನ್ ಬೇಕು. ಎದುರಿಗೆ ಎಡ್ವರ್ಡ್ ಸ್ಟೀವನ್ಸ್. ಊರೆಲ್ಲ ಕರೆಯುತ್ತಿದ್ದದ್ದು ಲಂಪಿ ಅಂತ. ಮೂರು ಸಲ ಅವನ ಚೆಂಡು ಬ್ಯಾಟನ್ನು ವಂಚಿಸಿ ವಿಕೆಟ್ಟಿನ ನಟ್ಟನಡುವೆ ತೂರಿಹೋಯಿತು. ಮೂರು ಸಲವೂ ಸ್ಮಾಲ್ ನಾಟೌಟ್. ಆಗ ವಿಕೆಟ್ ಎಂದರೆ ಎರಡು ಸ್ಟಂಪ್, ಮೇಲೊಂದು ಬೇಲ್, ಅಷ್ಟೆ. ಸ್ಮಾಲ್ ನಿಂತು ಆಡಿ ಪಂದ್ಯ ಗೆಲ್ಲಿಸಿಬಿಟ್ಟ.

1744ರ ನಿಯಮದ ಪ್ರಕಾರ ವಿಕೆಟ್ಟಿನ ಎತ್ತರ 22 ಅಂಗುಲ, ಅಗಲ 6 ಅಂಗುಲ. ಚೆಂಡಿನ ಅಡ್ಡಳತೆ ಸುಮಾರು 3 ಅಂಗುಲ. ಅಂದಮೇಲೆ ಈ ಕಿಂಡಿ ದಶಕಗಳಿಂದ ಎಲ್ಲರ ಕಣ್ಣೆದುರಿಗೇ ಇತ್ತು. ಅದು ಯಾರಿಗೂ ಅಷ್ಟಾಗಿ ಚುಚ್ಚಿರಲಿಲ್ಲ. ಚುಚ್ಚುವಂತೆ ಮಾಡಿದ್ದು ಈ ಇಬ್ಬರ ಕೈಚಳಕ ಎನ್ನುವುದು ನನ್ನ ಲೆಕ್ಕ. ಲಂಪಿ ಅರ್ಲ್ ಆಫ್ ಟ್ಯಾಂಕರ್‌ವಿಲ್‌ನ ತೋಟದ ಮಾಲಿ. ಚೆಂಡನ್ನು ನೆಲದ ಮೇಲೆ ಉರುಳಿಸುವ ಹಳೆಯ ರೂಢಿ ಬಿಟ್ಟು, ಬೇಕಾದ ಜಾಗದಲ್ಲೇ ನೆಲಕ್ಕೆ ಬಡಿದು ಏಳುವಂತೆ ಎಸೆಯುವುದರಲ್ಲಿ ಪಳಗಿದವನು. ಸ್ಮಾಲ್ ಪೀಟರ್ಸ್‌ಫೀಲ್ಡ್‌ನಲ್ಲಿ ಚಪ್ಪಲಿ ಹೊಲಿಯುವ ಕಸುಬಿನಿಂದ ಬ್ಯಾಟು, ಚೆಂಡು ಮಾಡುವ ಕಸುಬಿಗೆ ಬಂದವನು. ಹಾಕಿ ಕೋಲಿನಂತೆ ಬಾಗಿದ್ದ ಬ್ಯಾಟನ್ನು ನೆಟ್ಟಗೆ ಮಾಡಿದವರಲ್ಲಿ ಮೊದಲಿಗ. ಇಂಥವರಿಬ್ಬರು ಎದುರಾದ ಮೇಲೆ ಹಳೆಯ ನಿಯಮ ಉಳಿಯುವುದು ಕಷ್ಟವೇ ಇತ್ತು.

ತೊಗರಿ ಕೊಯ್ಲು ಮುಗಿದ ಮೇಲೆ ಕಮಲಾಪುರದ ಕಡೆ ಎರಡು ತೊಗರಿ ಕಟಗಿ ನೆಟ್ಟು ಟೆನಿಸ್ ಚೆಂಡಿನಲ್ಲಿ ಆಡುವ ಹುಡುಗರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. "ನಡುವಿಂದ ಹೋಗ್ಯದ, ಔಟ್ ಅದ!" "ಏ, ಕಟಗಿಗಿ ಎಲ್ಲಿ ಹತ್ಯದಪಾ?" ಕಲಬುರಗಿಯ ಎನ್.ವಿ. ಮೈದಾನದಲ್ಲಿ ಅಳತೆಯ ಸ್ಟಂಪು ನೆಟ್ಟು ಆಡುವವರಿಗೆ ಮಾತ್ರ ಈ ಜಗಳದ ಸುಖವಿಲ್ಲ.

ಲಂಪಿ ಮತ್ತು ಸ್ಮಾಲ್‌ನ ಕತೆಯಲ್ಲೊಂದು ತಮಾಷೆಯಿದೆ. 1771ರಲ್ಲಿ ಚರ್ಟ್ಸಿ ತಂಡದ ಥಾಮಸ್ ವೈಟ್ ವಿಕೆಟ್ಟಿನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದಿದ್ದ. ಎದುರಾಳಿಗಳಾದ ಹ್ಯಾಂಬಲ್ಡನ್ನಿನವರು ಸಿಟ್ಟಾಗಿ, ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲ ಮೀರಬಾರದು ಎಂದು ಬರೆದಿಟ್ಟರು. 1774ರ ನಿಯಮಾವಳಿ ಅದನ್ನೇ ಒಪ್ಪಿತು. ಇಂದಿಗೂ ಅಳತೆ ಅದೇ. ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ಈ ಸ್ಮಾಲ್ ಕೂಡ ಒಬ್ಬ. ಬೌಲರಿಗೆ ಅನ್ಯಾಯವಾಗಬಾರದೆಂದು ಸಹಿ ಹಾಕಿದವನೇ ನಾಲ್ಕು ವರ್ಷದ ನಂತರ ಲಂಪಿಗಾದ ಅನ್ಯಾಯದಿಂದ ಗೆದ್ದ.

ಲಂಪಿಯ ನಷ್ಟ ನೋಡಿದವರಿಗೆ ನಡುವೆ ಇನ್ನೊಂದು ಸ್ಟಂಪ್ ಬೇಕು ಅನ್ನಿಸಿತು. ಎಲ್ಲರೂ ಒಂದೇ ದಿನ ಒಪ್ಪಲಿಲ್ಲ. ಮೂರು ಸ್ಟಂಪು ಎಲ್ಲೆಡೆ ರೂಢಿಗೆ ಬರಲು ಕೆಲವು ವರ್ಷಗಳೇ ಹಿಡಿದವು. ಹ್ಯಾಂಬಲ್ಡನ್ ನಾಯಕ ರಿಚರ್ಡ್ ನೈರನ್‌ನ ಮಗ ಜಾನ್ ನೈರನ್‌ನ ಹೆಸರಿನಲ್ಲಿ 1833ರಲ್ಲಿ ಬಂದ ಪುಸ್ತಕದಲ್ಲಿ ಈ ಪಂದ್ಯದ ವಿವರವಿದೆ, ಆಗ ಕೆಲವರನ್ನು ಕಾಡಿದ ಭಯವೂ ಇದೆ: ಬ್ಯಾಟ್ಸ್‌ಮನ್ನರು ಬೇಗ ಬೇಗ ಔಟಾಗಿ ಆಟವೇ ಮೊಟಕಾದೀತು! ಆದರೆ ಆಟವೇನೂ ಮೊಟಕಾಗಲಿಲ್ಲ. 1777ರ ಜೂನ್‌ನಲ್ಲಿ ಸೆವೆನ್‌ಓಕ್ಸ್ ಮೈದಾನದಲ್ಲಿ ಹ್ಯಾಂಬಲ್ಡನ್ನಿನವನೇ ಆದ ಜೇಮ್ಸ್ ಐಲ್ವರ್ಡ್ ಬುಧವಾರ ಸಂಜೆ ಕ್ರೀಸಿಗೆ ಬಂದ. ಔಟಾದದ್ದು ಶುಕ್ರವಾರ ಮಧ್ಯಾಹ್ನ, 167 ರನ್ ಹೊಡೆದ ಮೇಲೆ.