ಬೇಸಿಗೆಯ ತೋಟ: ನೋಡೋಣ, ಚಿತ್ರ ತೆಗೆದಿಡೋಣ



ಮಾರ್ಚ್‌ನಿಂದ ಮೇ ತಿಂಗಳ ವರೆಗೆ ಕಾಸರಗೋಡಿನ ಗುಡ್ಡಗಳಲ್ಲಿ ಹುಲ್ಲು ಒಣಗಿ, ತೋಡುಗಳು ಬತ್ತುತ್ತವೆ. ಆಗ ಹಕ್ಕಿ, ಹುಳು, ಓತಿಗಳಿಗೆ ಆಸರೆಯಾಗುವುದು ನಾವು ನೀರುಣಿಸುವ ಅಡಿಕೆ ತೋಟ ಮತ್ತು ಮನೆಯಂಗಳದ ಗಿಡಗಳು. ಅವನ್ನು ಹತ್ತಿರದಿಂದ ನೋಡಲು ಇದು ಒಳ್ಳೆಯ ಕಾಲ. ಮಕ್ಕಳಿಗೂ ರಜೆ. ಮೊಬೈಲಿನ ಕ್ಯಾಮರಾ ಹೆಚ್ಚಿನ ಮನೆಗಳಲ್ಲಿದೆ. ಆದರೆ ಇದು ಬರೇ ಹೊತ್ತು ಕಳೆಯುವ ಆಟವಲ್ಲ.

ಏನನ್ನು ನೋಡಬೇಕು?

ಅಡಿಕೆ ಮರದ ಕಾಂಡವನ್ನು ಗಮನವಿಟ್ಟು ನೋಡಿರಿ. ತೊಗಟೆಯ ಬಣ್ಣದ್ದೇ ಆದ ಹಾರುವ ಓತಿ ಅಲ್ಲಿ ಅಂಟಿಕೊಂಡಿರುವುದುಂಟು. ಗಂಡು ಓತಿ ಗಂಟಲಿನ ಹಳದಿ ಚೀಲವನ್ನು ಬೀಸಿ ತೋರಿಸುವಾಗ ಮಾತ್ರ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಉದ್ದವಾದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಮರದಿಂದ ಮರಕ್ಕೆ ತೇಲುತ್ತದೆ. ಅದರ ಮುಖ್ಯ ಆಹಾರ ಇರುವೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿದು ಮಣ್ಣು ಅಗೆಯುತ್ತದೆ; ಆಗ ಅದನ್ನು ಬೆದರಿಸಬಾರದು.

ನಿಂಬೆ, ಕರಿಬೇವಿನ ಎಲೆಗಳ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಪಾತರಗಿತ್ತಿಯ ಮರಿಹುಳು. ದೊಡ್ಡದಾದ ಮೇಲೆ ಅದು ಹಸಿರಾಗುತ್ತದೆ. ಮೊಟ್ಟೆಯಿಂದ ಪಾತರಗಿತ್ತಿಯಾಗಲು ಸುಮಾರು ಒಂದು ತಿಂಗಳು ಸಾಕು. ದಿನಕ್ಕೊಂದು ಚಿತ್ರ ತೆಗೆದರೆ ಮಕ್ಕಳಿಗೆ ಅದೇ ಒಂದು ಪಾಠ.

ಹೇಗೆ ಚಿತ್ರ ತೆಗೆಯಬೇಕು?

1. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿರಿ. ಬಿಸಿಲು ನಿಮ್ಮ ಬೆನ್ನಿಗಿರಲಿ.

2. ಅಟ್ಟಿಸಿಕೊಂಡು ಹೋಗದೆ ಒಂದೆಡೆ ಕುಳಿತು ಕಾಯಿರಿ. ಅಗಲ ಪಾತ್ರೆಯಲ್ಲಿ ನೀರಿಟ್ಟರೆ ಪಿಕಳಾರ, ಮಡಿವಾಳ ಹಕ್ಕಿಗಳು ತಾವಾಗಿಯೇ ಬರುತ್ತವೆ. ಜೇನ್ನೊಣ ಮುಳುಗದಂತೆ ಅದರಲ್ಲಿ ಕಲ್ಲಿಡಿರಿ. ದಿನವೂ ಪಾತ್ರೆ ತಿಕ್ಕಿ ನೀರು ಬದಲಿಸಿರಿ. ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ.

3. ಗೂಡಿನ ಬಳಿಯ ಎಲೆ, ಕೊಂಬೆ ಕಡಿಯಬಾರದು.

4. ಹಾವಿನ ಚಿತ್ರಕ್ಕಾಗಿ ಹತ್ತಿರ ಹೋಗಲೇಬೇಡಿರಿ. ಯಾರಿಗಾದರೂ ಕಚ್ಚಿದರೆ ಹಾವನ್ನು ಹುಡುಕುತ್ತಾ ಹೊತ್ತು ಕಳೆಯದೆ ಪ್ರತಿವಿಷದ ಮದ್ದಿರುವ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕನ್ನಡಿಹಾವು, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮ ದೇಶದಲ್ಲಿ ಕೊಡುವ ಮದ್ದು ಒಂದೇ.

5. ಚಿತ್ರದೊಂದಿಗೆ ದಿನಾಂಕ, ಗಿಡದ ಹೆಸರು, ಎಷ್ಟು ಕಂಡವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ.

ಏಕೆ ಬರೆದಿಡಬೇಕು?

ನಮ್ಮ ಜಿಲ್ಲೆಗೆ ಇದರ ಬೆಲೆ ಗೊತ್ತು. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳ ಜನರು ಜೇನು ಇಲ್ಲವಾದುದನ್ನೂ, ಮೀನು ಸತ್ತುದನ್ನೂ, ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದುದನ್ನೂ ಕಂಡು ಹೇಳಿದರು. ಆ ಮಾತಿಗೆ ಆಗ ಕಿವಿಗೊಟ್ಟವರು ಕಡಿಮೆ. ಮಕ್ಕಳ ಕಾಯಿಲೆಗಳು ಎಲ್ಲರ ಗಮನಕ್ಕೆ ಬಂದುದು ಎಷ್ಟೋ ವರ್ಷಗಳ ಮೇಲೆ. ದೇಶದ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆದುದು 2011ರಲ್ಲಿ. ಕಷ್ಟಕ್ಕೊಳಗಾದ ಮನೆಗಳು ಇಂದಿಗೂ ನಮ್ಮ ನಡುವೆ ಇವೆ.

ಮನುಷ್ಯನಿಗಿಂತ ಮೊದಲು ಚಿಕ್ಕ ಜೀವಿಗಳು ವಿಷವನ್ನು ತಿಳಿಸುತ್ತವೆ. ಕಳೆದ ಬೇಸಿಗೆಯಲ್ಲಿ ಬಾವಿಕಟ್ಟೆಗೆ ಬರುತ್ತಿದ್ದ ತುಡುವೆ ಜೇನು ಈ ವರ್ಷ ಕಾಣದಿದ್ದರೆ, ಹಿಂದಿನ ಚಿತ್ರ ಮತ್ತು ಬರಹವೇ ಅದಕ್ಕೆ ಸಾಕ್ಷಿ. ಆಗ ತೋಟಕ್ಕೆ ಏನು ಹೊಡೆದೆವು, ಯಾವಾಗ ಹೊಡೆದೆವು ಎಂದು ಕೇಳಿಕೊಳ್ಳಬಹುದು, ಕೃಷಿಭವನಕ್ಕೂ ತೋರಿಸಬಹುದು. ಹೂಬಿಟ್ಟ ಗಿಡಗಳಿಗೆ ಕೀಟನಾಶಕ ಹೊಡೆಯದಿರುವುದೇ ಲೇಸು. ಅನಿವಾರ್ಯವಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಮಳೆಗೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸುವ ದಿನ ಹಕ್ಕಿಗಳ ನೀರಿನ ಪಾತ್ರೆಯನ್ನು ಕವುಚಿಡಿರಿ.

ಈ ರಜೆಯಲ್ಲೇ ಮಕ್ಕಳ ಕೈಗೊಂದು ಪುಸ್ತಕ ಕೊಡಿರಿ. ಮೊದಲ ಪುಟದಲ್ಲಿ ನಿಮ್ಮ ತೋಟದ ಹೆಸರಿರಲಿ.